ಕ್ಯುನೆಗೊಂದನಾಮ ಮೀಮಾಂಸೆ

ಒಂದು ಹೆಸರು ಜನಪ್ರಿಯವೋ ಅಲ್ಲವೋ ಎಂದು ತಿಳಿಯಲು ಜನನ ದಾಖಲೆಗಳನ್ನು ತೆರೆದು, ಆ ಹೆಸರಿನ ಮಕ್ಕಳೆಷ್ಟು ಎಂದು ಎಣಿಸುವ ಒರಟು ಪದ್ಧತಿಯೊಂದು ಲೋಕದಲ್ಲಿ ರೂಢಿಯಲ್ಲಿದೆ. ಸಂತೆಯಲ್ಲಿ ಕುಂಬಳಕಾಯಿ ಎಣಿಸಲು ಇದು ಸಾಕು, ನಾಮಶಾಸ್ತ್ರಕ್ಕೆ ಸಾಲದು. ಈ ಲೆಕ್ಕವನ್ನು ನಂಬಿದರೆ ಶೂರ್ಪನಖಿಯ ಹೆಸರು ಕನ್ನಡ ನಾಡಿನಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಬರೆಯಬೇಕಾಗುತ್ತದೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರ ಬಾಯಲ್ಲೂ ಇದ್ದು, ಯಾವ ತೊಟ್ಟಿಲಿಗೂ ಇಳಿಯದ ಹೆಸರು ಅದು. ‘ಕ್ಯುನೆಗೊಂದ್’ ಎಂಬ ಫ್ರೆಂಚ್ ಸ್ತ್ರೀನಾಮದ ಸ್ಥಿತಿಯೂ ಇದೇ. ಇದು ಫ್ರಾನ್ಸಿನ ಅತ್ಯಂತ ಯಶಸ್ವೀ ಹೆಸರು, ಮತ್ತು ಅದನ್ನು ಯಾರೂ ಇಟ್ಟುಕೊಳ್ಳದಿರುವುದೇ ಅದರ ಯಶಸ್ಸಿಗೆ ಪ್ರಮಾಣ ಎಂಬುದು ಇಲ್ಲಿ ಪ್ರತಿಪಾದಿಸಹೊರಟಿರುವ ಸಿದ್ಧಾಂತ. ಭಾಟ್ಟ ಮೀಮಾಂಸಕರು ‘ಅನುಪಲಬ್ಧಿ’ಯನ್ನು ಆರನೆಯ ಪ್ರಮಾಣವೆಂದು ಒಪ್ಪಿದ್ದಾರೆ: ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ಅದರಿಂದಲೇ ತಿಳಿಯುತ್ತದೆ. ಅವರು ಪಾಪ, ಅಲ್ಲಿಗೇ ನಿಂತರು. ಗಡಿಗೆಯೊಂದು ಇಷ್ಟು ಎದ್ದು ಕಾಣುವ ಹಾಗೆ ಇಲ್ಲದಿರಬೇಕಾದರೆ ಅದರ ಹಿಂದೆ ಎಷ್ಟು ಜನರ ಎಚ್ಚರಿಕೆ ಕೆಲಸ ಮಾಡಿರಬೇಕು ಎಂದು ಅವರು ಕೇಳಲಿಲ್ಲ.

ಮೊದಲು ಉಗಮ. ಹೆಸರು ಜರ್ಮಾನಿಕ್ ಮೂಲದ್ದು: ‘ಕುನಿ’ ಎಂದರೆ ಕುಲ, ‘ಗುಂಡ್’ ಎಂದರೆ ಕಾಳಗ. ಸಂಸ್ಕೃತದ ‘ಜನ’ ಮತ್ತು ‘ಹನ್’ ಧಾತುಗಳು ಇವಕ್ಕೆ ದೂರದ ದಾಯಾದಿಗಳು. ಕುಲಕ್ಕಾಗಿ ಕಾದುವವಳೋ, ಕುಲದವರ ಮೇಲೇ ಕಾದುವವಳೋ ಎಂಬುದನ್ನು ಸಮಾಸ ಬಿಡಿಸಿ ಹೇಳುವುದಿಲ್ಲ. ಕೂಡುಕುಟುಂಬ ಕಂಡವರಿಗೆ ವ್ಯತ್ಯಾಸ ಅಷ್ಟು ಮುಖ್ಯವೂ ಅಲ್ಲ. ಈ ಹೆಸರಿಗೆ ಪಾವಿತ್ರ್ಯ ತಂದವಳು ಲಕ್ಸೆಂಬರ್ಗಿನ ಕುನಿಗುಂಡೆ. ಆಕೆಯ ಗಂಡ ಎರಡನೆಯ ಹೆನ್ರಿ 1002ರಲ್ಲಿ ಜರ್ಮನಿಯ ದೊರೆಯಾದ, 1014ರಲ್ಲಿ ರೋಮಿನಲ್ಲಿ ಸಾಮ್ರಾಟನಾದ. ಶೀಲ ಶಂಕಿಸಿದಾಗ ಆಕೆ ಕಾದ ನೇಗಿಲ ಗುಳಗಳ ಮೇಲೆ ಬರಿಗಾಲಲ್ಲಿ ನಡೆದು ಗೆದ್ದಳೆಂಬುದು ಐತಿಹ್ಯ. ಬಾಂಬರ್ಗ್ ಕೆಥೆಡ್ರಲಿನಲ್ಲಿ ದಂಪತಿಗಳ ಸಮಾಧಿಯ ಮೇಲೆ ಶಿಲ್ಪಿ ರೀಮೆನ್‌ಶ್ನೈಡರ್ ಈ ದೃಶ್ಯವನ್ನು ಕಂಡರಿಸಿದ್ದಾನೆ. ನಮ್ಮ ಸೀತೆಗೆ ಬೆಂಕಿ, ಅವರ ರಾಣಿಗೆ ಕೃಷಿ ಉಪಕರಣ. ಶಂಕೆ ಮಾತ್ರ ಎರಡೂ ಕಡೆ ಒಂದೇ ಜಾತಿಯದು. ಹೆಸರಿನಲ್ಲೇ ಕುಲವಿದ್ದ ಈಕೆಗೆ ಮಕ್ಕಳಾಗಲಿಲ್ಲ. 1024ರಲ್ಲಿ ಹೆನ್ರಿ ಸತ್ತಾಗ ಒಟ್ಟೋನಿಯನ್ ವಂಶವೇ ಮುಗಿಯಿತು, ಈಕೆ ಕೌಫುಂಗೆನ್ನಿನ ಸನ್ಯಾಸಿನಿಯರ ಮಠ ಸೇರಿದಳು. 1200ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟ್ ಆಕೆಯನ್ನು ಸಂತಳೆಂದು ಸಾರಿದ. ಹೆಸರಿನ ಅರ್ಥವನ್ನು ಹೆಸರಿನ ಒಡತಿಯೇ ಸುಳ್ಳು ಮಾಡಿದ ಮೇಲೆ, ಅಭಾವವೇ ಈ ಹೆಸರಿನ ಜಾಯಮಾನ ಎಂದು ನಾನು ಹೇಳುವುದು ಹೊಸತೇನೂ ಆಗಲಾರದು.

ಆದರೆ ಪಾಶ್ಚಾತ್ಯರ ಈ ನಿರುಕ್ತಿ ಸಪ್ಪೆ. ‘ಗುಂಡ್’ ಎಂಬ ಉತ್ತರಪದ ಕಣ್ಣೆದುರಿಗೇ ಇರುವಾಗ ಕಾಳಗ ಹುಡುಕಿಕೊಂಡು ಜರ್ಮನಿಯ ಕಾಡಿಗೆ ಹೋಗುವ ಅಗತ್ಯವೇನಿತ್ತು? ಅದು ಶುದ್ಧಾಂಗವಾಗಿ ನಮ್ಮ ಗುಂಡಮ್ಮ. ಆಧಾರ ಬೇಕೇ? 1759ರಲ್ಲಿ ಪ್ರಕಟವಾದ ವೋಲ್ತೇರನ ‘ಕಾಂದೀದ್’ ಕಥೆಯನ್ನು ತೆರೆಯಿರಿ. ಮೊದಲ ಅಧ್ಯಾಯದಲ್ಲೇ ಹದಿನೇಳರ ನಾಯಕಿ ಕ್ಯುನೆಗೊಂದ್ ಕೆಂಪಗೆ, ಮೈಕೈ ತುಂಬಿಕೊಂಡು, ಗುಂಡಗುಂಡಗೆ ಇದ್ದಾಳೆ. ತಾಯಿಯ ತೂಕ ಸುಮಾರು 350 ಪೌಂಡು, ಆ ತೂಕದಿಂದಲೇ ಸಮಾಜದಲ್ಲಿ ಆಕೆಗೆ ಗೌರವ. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಇನ್ನು ಪೂರ್ವಪದವಾದ ‘ಕುನಿ’ ಎಂಬುದು ‘ಕುಣಿ’ಯೇ ಹೊರತು ಬೇರೆಯಲ್ಲ, ಣಕಾರ ಹೊರಳದ ನಾಲಗೆಗಳಿಗೆ ಸಿಕ್ಕಿ ನಕಾರವಾಗಿದೆ. ಸ್ವರಕ್ಕೆ ಸ್ವರ, ವ್ಯಂಜನಕ್ಕೆ ವ್ಯಂಜನ ಹೊಂದಿಸಬೇಕಲ್ಲವೇ ಎಂದು ಭಾಷಾವಿಜ್ಞಾನಿಗಳು ತಕರಾರು ತೆಗೆಯಬಹುದು. ಶಬ್ದವ್ಯುತ್ಪತ್ತಿಯಲ್ಲಿ ಸ್ವರಗಳಿಗೆ ಬೆಲೆಯೇ ಇಲ್ಲ, ವ್ಯಂಜನಗಳಿಗೂ ಅಷ್ಟಕ್ಕಷ್ಟೇ ಎಂಬ ಮಾತೊಂದು ಸಾಕ್ಷಾತ್ ವೋಲ್ತೇರನ ಹೆಸರಿನಲ್ಲೇ ಚಲಾವಣೆಯಲ್ಲಿದೆ. ಆ ಮಾತು ಅವನ ಬರಹಗಳಲ್ಲಿ ಸಿಕ್ಕಿಲ್ಲವಂತೆ. ಸಿಗದಿರುವುದು ಈ ಪ್ರಬಂಧದ ದೃಷ್ಟಿಯಲ್ಲಿ ದೋಷವಲ್ಲ, ಗುಣ. ಕನ್ನಡ ಅಷ್ಟು ದೂರ ಹೋದದ್ದು ಹೇಗೆ ಎಂದು ಕೇಳುವವರಿಗೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವನ್ನು ನೆನಪಿಸಬೇಕು. ಅದರೊಳಗಿನ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು ವಿದ್ವಾಂಸ ಹುಲ್ಟ್ಷ್ 1904ರಲ್ಲಿ ಸೂಚಿಸಿದ. ಚರ್ಚೆ ಇನ್ನೂ ಮುಗಿದಿಲ್ಲ. ಅಲ್ಲೂ ಪರದೇಶದಲ್ಲಿ ಸೆರೆಸಿಕ್ಕ ನಾಯಕಿ, ಇಲ್ಲೂ ಕೈಯಿಂದ ಕೈಗೆ ಮಾರಾಟವಾಗುತ್ತ ಲಿಸ್ಬನ್, ಬ್ಯೂನಸ್ ಐರಿಸ್, ಕಾನ್‌ಸ್ಟಾಂಟಿನೋಪಲ್ ಅಲೆಯುವ ನಾಯಕಿ. ಇಷ್ಟು ಸಾಮ್ಯವಿದ್ದೂ ನಡುವಿನ ಸಾವಿರದ ಆರುನೂರು ಚಿಲ್ಲರೆ ವರ್ಷಗಳ ಅಂತರವನ್ನು ಎತ್ತಿ ಆಡುವುದು ಸಣ್ಣತನ.

ಮೂಗು ಹುಟ್ಟಿದ್ದೇ ಕನ್ನಡಕ ಹಾಕಿಕೊಳ್ಳಲು ಎಂದು ಅದೇ ಕಥೆಯ ಪಂಡಿತ ಪಾಂಗ್ಲೋಸ್ ಸಾಧಿಸುತ್ತಾನೆ. ಅವನನ್ನು ಲೋಕ ಹಾಸ್ಯಪಾತ್ರವೆಂದು ತಿಳಿದಿದೆ. ಅವನಷ್ಟು ಶಿಸ್ತಿನ ಸಂಶೋಧಕ ಈ ವಿಷಯದಲ್ಲಿ ಇನ್ನೊಬ್ಬನಿಲ್ಲ. ಅವನ ದಾರಿಯಲ್ಲೇ ಕೇಳೋಣ: ವೋಲ್ತೇರ್ ತನ್ನ ನಾಯಕಿಗೆ ಮರೀ ಎಂದು ಏಕೆ ಹೆಸರಿಡಲಿಲ್ಲ? ಮರೀ ಎಂಬುದು ಫ್ರಾನ್ಸಿನಲ್ಲಿ ಬೀದಿಗೆ ಹತ್ತು. ಕರೆದರೆ ಎಲ್ಲರೂ ತಿರುಗಿ ನೋಡುತ್ತಾರೆ, ಹಾಗಾಗಿ ಯಾರನ್ನೂ ಕರೆದಂತಾಗುವುದಿಲ್ಲ. ಅದು ಒಂಟಿಯಾಗಿ ನಿಲ್ಲಲಾರದೆ ಮರೀ-ಲೂಯಿಸ್, ಮರೀ-ಕ್ಲೇರ್, ಆನ್-ಮರೀ ಎಂದು ಅಕ್ಕಪಕ್ಕದವರ ಹೆಗಲು ಹಿಡಿದೇ ಓಡಾಡುತ್ತದೆ. ಬರೀ ಕ್ಯುನೆಗೊಂದ್ ಎನ್ನಿ, ಓದಿದ ಫ್ರೆಂಚರಿಗೆ ಒಬ್ಬಳೇ ಕಣ್ಣ ಮುಂದೆ ಬರುತ್ತಾಳೆ. ಇದರ ಮರ್ಮ ವೋಲ್ತೇರನಿಗೆ ಸ್ವಾನುಭವದಿಂದ ಗೊತ್ತಿತ್ತು. ಅವನ ಹುಟ್ಟುಹೆಸರು ಫ್ರಾಂಸ್ವಾ-ಮರೀ ಅರುವೇ; ಗಂಡಸಾದರೂ ಮರೀ ಅವನನ್ನು ಬಿಟ್ಟಿರಲಿಲ್ಲ. 1718ರ ಹೊತ್ತಿಗೆ ಅದನ್ನು ಕಳಚಿಟ್ಟು ಬೇರೆ ಯಾರಿಗೂ ಇಲ್ಲದ ಹೆಸರನ್ನು ಕಟ್ಟಿಕೊಂಡ, ಮತ್ತು ಯುರೋಪಿನಲ್ಲೆಲ್ಲ ಹೆಸರಾದ. ‘ಕಾಂದೀದ್’ ಅಚ್ಚಾದಾಗ ಮುಖಪುಟದಲ್ಲಿ ಆ ಹೆಸರನ್ನೂ ತೆಗೆದುಹಾಕಿ, ಜರ್ಮನ್ ಮೂಲ ಬರೆದವರು ಡಾಕ್ಟರ್ ರಾಲ್ಫ್ ಎಂದು ಹಾಕಿಸಿದ. ಪುಸ್ತಕ ಬಿಸಿದೋಸೆಯಂತೆ ಖರ್ಚಾಯಿತು. ಹೆಸರು ಎಷ್ಟು ಕಡಿಮೆ ಇದ್ದರೆ ಅಷ್ಟು ಹೆಸರು ಎಂಬ ನಮ್ಮ ಸೂತ್ರಕ್ಕೆ ಇದಕ್ಕಿಂತ ಪುಷ್ಟಿ ಬೇಕಿಲ್ಲ.

ಪೂರ್ವಪಕ್ಷದವರು ಈಗ ಕಾನೂನು ಹಿಡಿದುಕೊಂಡು ಬರುತ್ತಾರೆ. ಬಹುಶಃ ಈ ಹೆಸರನ್ನು ಇಡಲು ಜನಕ್ಕೆ ಬಿಟ್ಟಿರಲಿಕ್ಕಿಲ್ಲ ಎನ್ನುತ್ತಾರೆ. ಫ್ರಾನ್ಸಿನಲ್ಲಿ ಹೆಸರಿಡುವುದಕ್ಕೆ ಕಾನೂನು ಇದ್ದದ್ದು ನಿಜ. 1803ರ ಏಪ್ರಿಲ್ 1ರಂದು (ತಾರೀಖು ನನ್ನ ಕುಚೋದ್ಯವಲ್ಲ) ಹೊರಟ ಶಾಸನ, ಪಂಚಾಂಗಗಳಲ್ಲಿ ಬಳಕೆಯಲ್ಲಿರುವ ಮತ್ತು ಪ್ರಾಚೀನ ಇತಿಹಾಸದ ಪ್ರಸಿದ್ಧರ ಹೆಸರುಗಳನ್ನು ಮಾತ್ರ ದಾಖಲಿಸಬೇಕೆಂದು ಗುಮಾಸ್ತರಿಗೆ ಆಜ್ಞಾಪಿಸಿತು. ಅದು ಪೂರ್ತಿ ಸಡಿಲವಾದದ್ದು 1993ರಲ್ಲಿ. ಆದರೆ ನಮ್ಮ ಸಂತಳ ಹಬ್ಬ ಮಾರ್ಚ್ 3ಕ್ಕೆ ಭದ್ರವಾಗಿತ್ತು! ತಾಯಿತಂದೆಯರು ಕೇಳಿದ್ದರೆ ಗುಮಾಸ್ತ ಮರುಮಾತಿಲ್ಲದೆ ಬರೆದುಕೊಳ್ಳಬೇಕಿತ್ತು. ಬಾಗಿಲು ಹಾರುಹೊಡೆದಿದ್ದರೂ ಯಾರೂ ಒಳಗೆ ಕಾಲಿಡಲು ಮುಗಿಬೀಳಲಿಲ್ಲ. ಇಂಥ ಸ್ವಯಂಪ್ರೇರಿತ ಸಂಯಮವನ್ನು ದೇವಸ್ಥಾನದ ಗರ್ಭಗುಡಿಯ ಮುಂದೆ ಬಿಟ್ಟರೆ ಬೇರೆಲ್ಲೂ ಕಾಣೆವು. ಈಚೆಗೆ ಅಂಚೆಯವರು ಮನೆಮನೆಗೆ ಮಾರುವ ಕ್ಯಾಲೆಂಡರಿನಲ್ಲಿ ಮಾರ್ಚ್ 3ರ ಚೌಕವನ್ನು ಬ್ರಿಟನಿಯ ಮಠಾಧಿಪತಿ ಗ್ವೆನೊಲೆ ಆಕ್ರಮಿಸಿಕೊಂಡಿದ್ದಾನೆ. ಫ್ರಾನ್ಸಿನ ಸಂಖ್ಯಾಶಾಸ್ತ್ರ ಸಂಸ್ಥೆಯೂ ತನ್ನ ಹೆಸರುಗಳ ಪಟ್ಟಿಯಲ್ಲಿ ತೀರಾ ಅಪರೂಪದವುಗಳನ್ನೆಲ್ಲ ‘ವಿರಳ ಹೆಸರುಗಳು’ ಎಂಬ ಒಂದೇ ಸಾಲಿಗೆ ತುಂಬುತ್ತದೆ. ಆ ಸಾಲಿನ ಒಟ್ಟು ಮೊತ್ತ ಸಣ್ಣದೇನಲ್ಲ. ನ್ಯಾಯವಾಗಿ ಅದರ ಯಜಮಾನಿಕೆ ಯಾರಿಗೆ ಸೇರಬೇಕೆಂದು ಬಿಡಿಸಿ ಹೇಳಬೇಕೇ?

ಇನ್ನೊಂದು ಆಕ್ಷೇಪ ಸ್ವಲ್ಪ ಸಂಕೋಚದ್ದು. ಈ ಹೆಸರಿನ ಮೊದಲ ಅಕ್ಷರದ ಉಚ್ಚಾರ, ಫ್ರೆಂಚಿನಲ್ಲಿ ಮನುಷ್ಯ ಯಾವುದರ ಮೇಲೆ ಕೂರುತ್ತಾನೋ ಆ ಅಂಗದ ಹೆಸರೇ ಆಗಿದೆ. ವೋಲ್ತೇರ್ ಬೇಕೆಂದೇ ಆರಿಸಿದ, ಶಾಲೆಯಲ್ಲಿ ಹುಡುಗರು ನಗುತ್ತಾರೆಂದು ಹೆತ್ತವರು ಹೆದರಿದರು, ಇದರಲ್ಲಿ ಸಿದ್ಧಾಂತವೇನು ಬಂತು ಎನ್ನುವವರಿದ್ದಾರೆ. ವಾದ ನಿಲ್ಲುವುದಿಲ್ಲ. ಫ್ರೆಂಚ್ ಕ್ರಾಂತಿಯನ್ನು ಬೀದಿಗಿಳಿದು ನಡೆಸಿದವರು ‘ಸಾಂ-ಕ್ಯುಲಾತ್’ಗಳು, ಶ್ರೀಮಂತರ ಮೊಣಕಾಲುದ್ದದ ಚಡ್ಡಿ ತೊಡದವರು ಎಂದು ಅರ್ಥ, ಆ ಚಡ್ಡಿಯ ಹೆಸರು ಹುಟ್ಟಿದ್ದೂ ಅದೇ ಅಂಗದಿಂದ. ಬೈಗುಳವಾಗಿ ಬಂದ ಆ ಪದವನ್ನೇ ಬಿರುದಾಗಿ ಧರಿಸಿದ ದೇಶ ಹೆಣ್ಣುಮಗುವಿನ ಹೆಸರಿನ ಒಂದು ಅಕ್ಷರಕ್ಕೆ ನಾಚಿತೆಂದರೆ ಯಾರು ನಂಬುತ್ತಾರೆ? ಕಾರಣ ನಾಚಿಕೆಯಲ್ಲ, ಭಕ್ತಿ.

ಕಥೆಯ ಕೊನೆಯಲ್ಲಿ ಕ್ಯುನೆಗೊಂದಳ ರೂಪವೆಲ್ಲ ಹೋಗಿ ಆಕೆ ಕುರೂಪಿಯಾಗಿರುತ್ತಾಳೆ, ಆದರೆ ಸಿಹಿ ತಿನಿಸು ಬೇಯಿಸುವುದರಲ್ಲಿ ಎತ್ತಿದ ಕೈ. ಹೆಸರನ್ನು ಬಿಟ್ಟು ಕೈರುಚಿಯಲ್ಲಿ ಬಾಳು ಕಂಡುಕೊಂಡ ಈ ಘಟ್ಟವನ್ನು ವಿಮರ್ಶಕರು ಸರಿಯಾಗಿ ಗಮನಿಸಿಲ್ಲ. ಅದಕ್ಕೆ ಪ್ರತ್ಯೇಕ ಸಂಪುಟವೇ ಬೇಕು. ಉಳಿದದ್ದು ಒಂದೇ ಪ್ರಶ್ನೆ. ಇಷ್ಟು ಶ್ರೇಷ್ಠವಾದ ಹೆಸರನ್ನು ಮಕ್ಕಳಿಗೆ ಇಡಬೇಕೆಂದು ಪ್ರಬಂಧಕಾರನ ಶಿಫಾರಸೇ? ಖಂಡಿತ ಅಲ್ಲ. ಒಬ್ಬಳಿಗೆ ಇಟ್ಟರೂ ಜನಪ್ರಿಯತೆ ಅಷ್ಟರ ಮಟ್ಟಿಗೆ ಕುಸಿಯುತ್ತದೆ; ಮನೆಗೊಬ್ಬಳಾದರೆ ಅದೂ ಮರೀಯಾಗುತ್ತದೆ. ಪ್ರೀತಿ ತಡೆಯಲಾರದೆ ಯಾರಾದರೂ ಇಟ್ಟೇಬಿಟ್ಟಿದ್ದರೆ, ಮಗುವನ್ನು ಮನೆಯಲ್ಲಿ ಗುಂಡಮ್ಮ ಎಂದು ಕರೆಯಲು ಅಡ್ಡಿಯಿಲ್ಲ.