ಅವರ್ಸಾದ ಸಿಎ ಅಟೆಂಪ್ಟ್: ಒಂದು ಸಂಶೋಧನಾತ್ಮಕ ವಿವೇಚನೆ

ಕಾರವಾರ–ಅಂಕೋಲಾ ನಡುವೆ, ಹೆದ್ದಾರಿ 66ರ ಬದಿಯ ಅವರ್ಸಾದಲ್ಲಿ ಸಿಎ ಓದುವವರು ಎರಡು ಬಗೆ: ಪಾಸಾಗಿ ಬೆಂಗಳೂರು, ಮುಂಬೈ ಸೇರಿದವರು ಮತ್ತು 'ಸೆಕೆಂಡ್ ಗ್ರೂಪ್ ಒಂದು ಬಾಕಿ' ಎನ್ನುವವರು. ಮೊದಲಿನವರು ಹಬ್ಬಕ್ಕಷ್ಟೇ ಕೈಗೆ ಸಿಗುವುದರಿಂದ ಪ್ರಸ್ತುತ ಪ್ರಬಂಧ ಎರಡನೆಯವರಿಗೆ ಮೀಸಲು.

ಮೊದಲು ಗಣಿತ. ಈಗಿನ ಫೈನಲ್‌ನಲ್ಲಿ ಗ್ರೂಪಿಗೆ ಮೂರು ಪೇಪರ್. ಪ್ರತಿಯೊಂದರಲ್ಲೂ 40, ಒಟ್ಟು 150 ಬರಬೇಕು. 48, 49, 52 ಬಂದರೆ ಒಂದು ಅಂಕಕ್ಕೆ ಫೇಲು. 90, 90, 39 ಬಂದರೂ ಫೇಲು. 219 ತೆಗೆದವನು ನಪಾಸು, 150ರವನು ಪಾಸು ಎಂಬುದನ್ನು ಮನೆಯ ಅಜ್ಜಿಗೆ ವಿವರಿಸುವುದೇ ನಾಲ್ಕನೆಯ ಪೇಪರ್. ಅದನ್ನು ಕ್ಲಿಯರ್ ಮಾಡಿದವರು ನಮ್ಮ ಅಧ್ಯಯನದಲ್ಲಿ ಸಿಕ್ಕಿಲ್ಲ. 60 ಮುಟ್ಟಿದ ಪೇಪರಿಗೆ ಮುಂದಿನ ಮೂರು ಅಟೆಂಪ್ಟ್‌ವರೆಗೆ ಎಕ್ಸೆಂಪ್ಷನ್ ಉಂಟಲ್ಲ ಎಂದರೆ ಅಜ್ಜಿ, "ಹಾಗಾದ್ರೆ ಇನ್ನೂ ಮೂರು ಸಲ ಕೂಡ್ತಾನಾ?" ಎನ್ನುತ್ತಾಳೆ.

ಇನ್ನು ಕಾರಣಮೀಮಾಂಸೆ. 'ಹುಡುಗ ಓದುವುದಿಲ್ಲ' ಎಂಬುದು ಪೂರ್ವಪಕ್ಷ. ಅದು ನಿಲ್ಲದು. ವರ್ಷದ ಒಂದು ಪರೀಕ್ಷೆ ಮೇ ತಿಂಗಳಲ್ಲಿ; ಅಂಕೋಲೆಯ ಕರಿ ಇಶಾಡ ಮಾವು ಹಣ್ಣಾಗುವುದೂ ಆಗಲೇ. ಆ ವಾಸನೆಯ ಎದುರು ಟ್ರಾನ್ಸ್‌ಫರ್ ಪ್ರೈಸಿಂಗ್ ನಿಲ್ಲುವುದೆಂತು? ಅದರ ಫಲಿತಾಂಶ ಜುಲೈಯಲ್ಲಿ, ಅಂದರೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನಗಳ ಒಳಗೆ. ದುಃಖಕ್ಕೂ ಒಣಮೀನೇ, ಸಂತೋಷಕ್ಕೂ ಒಣಮೀನೇ.

ಇನ್ನೊಂದು ಕಾರಣ ಗಂಭೀರವಾದದ್ದು. 1961ರ ಆದಾಯ ತೆರಿಗೆ ಕಾಯ್ದೆಯನ್ನು ಸೆಕ್ಷನ್ ಸಮೇತ ಬಾಯಿಪಾಠ ಮಾಡಿದವರಿದ್ದರು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂತು. ಅಭ್ಯರ್ಥಿ ಹೊರಬೀಳುವ ಮೊದಲೇ ಕಾಯ್ದೆ ಹೊರಬಿತ್ತು.

ಆದರೂ ಊರಿನ ಮಟ್ಟಿಗೆ ಇವರು ಎಂದೋ ಪಾಸು. ಜುಲೈ ಕೊನೆ ಹತ್ತಿರವಾದಂತೆ ನಿವೃತ್ತ ಮಾಸ್ತರರು ಪೆನ್ಷನ್ ಪಾಸ್‌ಬುಕ್ ಹಿಡಿದು ಬಂದು ಜಗಲಿಯ ಮೇಲೆ ಕೂರುತ್ತಾರೆ. ಪ್ಲಾಸ್ಟಿಕ್ ಚೀಲದಿಂದ ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟ್, ಮಡಚಿದ ಆಧಾರ್, ಒಟಿಪಿಗೆಂದು ಮಗಳ ಮೊಬೈಲು ಒಂದೊಂದಾಗಿ ಹೊರಬರುತ್ತವೆ. ರಿಟರ್ನ್ ಸಲ್ಲಿಕೆಯಾದ ಮೇಲೆ ಚಹಾ ಕುಡಿದು, ಮೆಟ್ಟಿಲಿಳಿಯುತ್ತ, "ಅಂದ ಹಾಗೆ, ನಿಂದು ಆಯ್ತೇನೋ?" ಎಂದು ಕೇಳುತ್ತಾರೆ. ಶುಲ್ಕದ ಮಾತು ಈ ಸಂವಾದದಲ್ಲಿ ಎಲ್ಲೂ ಬರುವುದಿಲ್ಲ.

ಆದುದರಿಂದ ಅವರ್ಸಾದ ಸಮಸ್ತ ತೆರಿಗೆದಾರರಲ್ಲಿ ಪ್ರಬಂಧಕಾರನ ವಿನಂತಿ: ಪ್ರಶ್ನೆ ಬೇಕಾದರೆ ಕೇಳಿ, ಆದರೆ ಮುಂದಿನ ಅಟೆಂಪ್ಟಿನ ಫೀ ಕಟ್ಟಿ ಕೇಳಿ.