ರಷ್ಯನ್ನರ ಕೋಟೆಗೆ ದುರ್ಗದ ಮಾವ

ಊರಿಂದ ಅತ್ತೆ ಮಾವ ಆರು ತಿಂಗಳಿಗೆಂದು ಕ್ಯಾಲಿಫೋರ್ನಿಯಾಕ್ಕೆ ಬಂದಿಳಿದರೆ ಮೊದಲ ಎರಡು ತಿಂಗಳು ಅಳಿಯನಾದವನು ನಿಶ್ಚಿಂತ. ಗೋಲ್ಡನ್ ಗೇಟ್ ಸೇತುವೆ ಇದೆ, ಲಿವರ್‌ಮೋರಿನ ಶಿವ ವಿಷ್ಣು ದೇವಸ್ಥಾನ ಇದೆ, ಯೊಸೆಮಿಟಿ ಇದೆ, ಏನೂ ತೋಚದ ಶನಿವಾರಕ್ಕೆ ಕಾಸ್ಟ್‌ಕೋ ಇದ್ದೇ ಇದೆ. ಮೂರನೇ ತಿಂಗಳಿಗೆ ಸರಕು ಖಾಲಿ. ಮಾವನವರು ಕಿಟಕಿ ಪಕ್ಕ ಕೂತು ಎದುರುಮನೆಯ ಗ್ಯಾರೇಜು ಬಾಗಿಲು ಏಳುವುದನ್ನೂ ಇಳಿಯುವುದನ್ನೂ ನೋಡುತ್ತಾ, ಆ ಮನೆಯವರು ಇವತ್ತು ಆಫೀಸಿಗೆ ಎಷ್ಟು ತಡ ಎಂದು ವರದಿ ಒಪ್ಪಿಸತೊಡಗುತ್ತಾರೆ. ಅಲ್ಲಿಗೆ ಮನೆಯಲ್ಲಿ ಗುಸುಗುಸು ಶುರುವಾಯಿತೆಂದೇ ಲೆಕ್ಕ: “ರೀ, ಅಪ್ಪನ್ನ ಎಲ್ಲಾದ್ರೂ ಕರ್ಕೊಂಡು ಹೋಗ್ಬೇಕು.”

ಫೋರ್ಟ್ ರಾಸ್ ಎಂದು ಹೆಸರು ತೆಗೆದವಳು ನನ್ನ ಹೆಂಡತಿ. ಅವಳ ತರ್ಕ ಸರಳ: ಅಪ್ಪ ಚಿತ್ರದುರ್ಗದವರು, ಕೋಟೆ ಅಂದರೆ ಪ್ರಾಣ, ಅಮ್ಮನಿಗೆ ಸಮುದ್ರ ಅಂದರೆ ಇಷ್ಟ, ಸಮುದ್ರದ ದಡದಲ್ಲೇ ಕೋಟೆ ಇದ್ದರೆ ಒಂದೇ ಪೆಟ್ರೋಲಿನಲ್ಲಿ ಎರಡೂ ಆಯಿತು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ದುರ್ಗದವರಿಗೆ ಇನ್ನೊಂದು ಕೋಟೆ ತೋರಿಸಲು ಹೊರಡುವುದೆಂದರೆ ಉಡುಪಿಯವರನ್ನು ದೋಸೆ ತಿನ್ನಲು ಇನ್ನೊಂದು ಊರಿಗೆ ಕರೆದೊಯ್ದ ಹಾಗೆ. ತಿನ್ನುತ್ತಾರೆ, ಆದರೆ ಸುಮ್ಮನೆ ತಿನ್ನುವುದಿಲ್ಲ.

ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಬಂಡೆಗಳ ಮೇಲೊಂದು ಹುಲ್ಲುಗಾವಲು, ಕೆಳಗೆ ಪೆಸಿಫಿಕ್, ನಡುವೆ ರೆಡ್‌ವುಡ್ ದಿಮ್ಮಿಗಳನ್ನು ಸಾಲಾಗಿ ನಿಲ್ಲಿಸಿದ ಗೋಡೆ. ಎದುರು ಬದುರು ಮೂಲೆಗಳಲ್ಲಿ ಮರದ ಕಾವಲು ಬುರುಜುಗಳು ಎರಡು. ಒಂದಕ್ಕೆ ಏಳು ಮುಖ, ಇನ್ನೊಂದಕ್ಕೆ ಎಂಟು. ಮಾವ ಕನ್ನಡಕವನ್ನು ಹಣೆಗೇರಿಸಿ, ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿ, ಆ ತುದಿಯಿಂದ ಈ ತುದಿವರೆಗೆ ಎಳೆದಾಡಿ ನೋಡಿದರು.

“ಬೇಲಿ ಚೆನ್ನಾಗಿ ಹಾಕಿದಾರೆ. ಕೋಟೆ ಎಲ್ಲಿ?”

“ಅದೇ ಮಾವ ಕೋಟೆ.”

“ಕಲ್ಲು?”

“ಇಲ್ಲ, ಪೂರ್ತಿ ಮರ.”

“ಎಷ್ಟು ಸುತ್ತು?”

“ಒಂದೇ.”

“ನಮ್ದು ಏಳು,” ಎಂದರು, ನನಗೆ ಗೊತ್ತಿಲ್ಲವೇನೋ ಎಂಬಂತೆ. “ಯಾರು ಮುತ್ತಿಗೆ ಹಾಕಿದ್ರು?”

“ಯಾರೂ ಹಾಕಲಿಲ್ಲ. ಫಿರಂಗಿ ಇತ್ತು, ಆದ್ರೆ ಶತ್ರುವಿನ ಮೇಲೆ ಒಂದು ಗುಂಡೂ ಹಾರಿಸಲಿಲ್ಲ.”

ಹೈದರಾಲಿಯ ಸೈನ್ಯ ನುಸುಳಿದ ಕಿಂಡಿಯನ್ನೂ ಅಲ್ಲಿ ಓಬವ್ವ ಒನಕೆ ಬೀಸಿದ ಜಾಗವನ್ನೂ ಬಾಲ್ಯದಿಂದಲೂ, ಮನೆಗೆ ಬಂದ ನೆಂಟರಿಗೆಲ್ಲ ತೋರಿಸಿ ಬೆಳೆದವರು ನಮ್ಮ ಮಾವ. ಯುದ್ಧವನ್ನೇ ಕಾಣದ ಕೋಟೆಯ ಸುದ್ದಿ ಕೇಳಿ ಅವರ ಮುಖದಲ್ಲಿ ಮೂಡಿದ್ದು ತಿರಸ್ಕಾರವೂ ಅಲ್ಲ, ಒಂದು ಬಗೆಯ ಕನಿಕರ.

ಹಾಗಂತ ಫೋರ್ಟ್ ರಾಸನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಗೆ ರಷ್ಯನ್ನರು ಬಂದು ಬೇರೂರಲು ನೋಡಿದ ಕಥೆ ಅದು. ಕಟ್ಟಿದ್ದು 1812ರಲ್ಲಿ, ನಮ್ಮ ಕಡೆ ದಿವಾನ್ ಪೂರ್ಣಯ್ಯ ತೀರಿಕೊಂಡ ವರ್ಷ. ರಷ್ಯನ್-ಅಮೆರಿಕನ್ ಕಂಪನಿಯ ಇವಾನ್ ಕುಸ್ಕೋವ್ ಎಂಬಾತ ಇಪ್ಪತ್ತೈದು ರಷ್ಯನ್ನರನ್ನೂ ಎಂಬತ್ತರಷ್ಟು ಅಲಾಸ್ಕಾದ ಮೂಲನಿವಾಸಿಗಳನ್ನೂ ಕಟ್ಟಿಕೊಂಡು ಬಂದ. ಅವನ ಒಂದು ಕಾಲು ಮರದ್ದು. ಅವರ ಯೋಜನೆ ಕಾಗದದ ಮೇಲೆ ನೋಡಿದರೆ ಯಾವ ಐಟಿ ಮ್ಯಾನೇಜರನ ಪವರ್‌ಪಾಯಿಂಟಿಗೂ ಕಡಿಮೆಯಿಲ್ಲ. ಒಂದು, ಕಡಲ ನೀರುನಾಯಿಗಳನ್ನು ಬೇಟೆಯಾಡಿ ತುಪ್ಪಳ ಮಾರುವುದು. ಎರಡು, ಇಲ್ಲಿ ಗೋಧಿ ಬೆಳೆದು, ಹಸಿದು ಕೂತಿದ್ದ ಅಲಾಸ್ಕಾದ ತಮ್ಮವರಿಗೆ ಕಳಿಸುವುದು. ಮೂರು, ಹಡಗು ಕಟ್ಟಿ ಮಾರುವುದು. ಜಾಗ ಅಲ್ಲಿನ ಕಶಾಯ ಪೋಮೋ ಜನರದ್ದು. ಮೆಟಿನಿ ಎಂಬ ಅವರ ಊರಿನ ಪಕ್ಕ. ಅದಕ್ಕೆ ಕೊಟ್ಟ ಬೆಲೆ ಮೂರು ಕಂಬಳಿ, ಮೂರು ಜೊತೆ ಚಲ್ಲಣ, ಎರಡು ಕೊಡಲಿ, ಮೂರು ಗುದ್ದಲಿ, ಒಂದಿಷ್ಟು ಮಣಿ ಎಂದು ಹೇಳುತ್ತಾರೆ. ಇದನ್ನು ಕೇಳಿ ಅತ್ತೆ, “ಈಗ ನಿಮ್ಮೀ ಮನೆ ಎಷ್ಟು ಮಿಲಿಯನ್ನು?” ಎಂದು ನನ್ನ ಗಾಯಕ್ಕೇ ಕೈ ಹಾಕಿದರು.

ಈಗ ನಮ್ಮ ಯೋಜನೆಗೆ ಬರೋಣ. ಜುಲೈ ಎಂದು ಮಗಳು ಹಟ ಹಿಡಿದಳು. ಸ್ಕೂಲಿಗೆ ರಜ, ಬಿಸಿಲು, ಬೀಚು. ಇದಕ್ಕಿಂತ ಹೆಚ್ಚಿನ ಸಮರ್ಥನೆ ಅವಳಿಗೆ ಬೇಕಿರಲಿಲ್ಲ. ಅತ್ತೆಯಂತೂ ಬೇಸಿಗೆ ಬಂತೆಂದು ಸ್ವೆಟರುಗಳನ್ನೆಲ್ಲ ಸೂಟ್‌ಕೇಸಿನ ತಳಕ್ಕೆ ಹಾಕಿ ನುಸಿಗುಳಿಗೆ ಇಟ್ಟಾಗಿತ್ತು. ಆದರೆ ಈ ಕರಾವಳಿಯ ಜುಲೈ ಎಂದರೆ ಮಂಜಿನ ಕಾಲ. ಒಳನಾಡಿನ ಕಣಿವೆ ಕಾದು ಅಲ್ಲಿನ ಗಾಳಿ ಮೇಲೇಳುತ್ತದೆ. ಆ ಖಾಲಿಗೆ ಕಡಲ ಮೇಲಿನ ತಣ್ಣನೆ ತೇವದ ಗಾಳಿ ನುಗ್ಗುತ್ತದೆ. ಆಳದಿಂದ ಉಕ್ಕುವ ಕೊರೆಯುವ ನೀರಿನ ಮೇಲೆ ಹಾದು ಬರುವಾಗ ಅದು ಮಂಜಾಗಿರುತ್ತದೆ. ಒಳಗೆ ಧಗೆ ಏರಿದಷ್ಟೂ ದಡದಲ್ಲಿ ಚಳಿ. ಇದನ್ನು ವಿವರಿಸಲು ಹೋಗಿ ಬಿಟ್ಟೆ. “ಹೊರಗೆ ಇಷ್ಟು ಬಿಸಿಲಿದೆ, ಅಲ್ಲಿ ಹೇಗೆ ಚಳಿ ಇರತ್ತೆ, ಅದೇ ಸ್ಟೇಟಲ್ವೇನ್ರೀ?” ಎಂಬ ಪ್ರಶ್ನೆಗೆ ಹವಾಮಾನ ಶಾಸ್ತ್ರದಲ್ಲಿ ಉತ್ತರವಿರಬಹುದು, ಅಳಿಯನ ಬಳಿ ಇರುವುದಿಲ್ಲ. ಆಕಾಶ ತಿಳಿಯಾಗಿ ಸಿಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ಹೊತ್ತಿಗೆ ಶಾಲೆ ತೆರೆದಿರುತ್ತದೆ, ಮಗಳ ಮುಖ ಮುಚ್ಚಿರುತ್ತದೆ.

ಈ ಮಂಜಿನ ವಿಚಾರ ನಮಗೇನೋ ಒಂದು ದಿನದ ತಕರಾರು; ರಷ್ಯನ್ನರನ್ನು ಮುಳುಗಿಸಿದ್ದೇ ಅದು. ಕಡಲಂಚಿನ ಗೋಧಿಗೆ ಮಂಜು ಬಿದ್ದು ಕುಂಕುಮ ರೋಗ ತಗಲಿತು. ಉಳಿದದ್ದನ್ನು ಗೋಫರ್ ಎಂಬ ಬಿಲ ತೋಡುವ ಇಲಿಜಾತಿಯ ಪ್ರಾಣಿ ನೋಡಿಕೊಂಡಿತು. ನೀರುನಾಯಿಗಳನ್ನು ಎಷ್ಟು ಚುರುಕಾಗಿ ಹಿಡಿದರೆಂದರೆ ಬೇಗನೆ ಹಿಡಿಯಲು ಏನೂ ಉಳಿಯಲಿಲ್ಲ. ಹಡಗಿನದ್ದು ಇನ್ನೂ ಸೊಗಸು. ನಾಲ್ಕು ಹಡಗು ಕಟ್ಟಿದರು. ಕಾಡಿನಿಂದ ಕಡಿದ ಮರವನ್ನು ಒಣಗಲು ಬಿಡದೆ ಹಸಿಹಸಿಯಾಗಿ ಬಳಸಿದ್ದರಿಂದ ಕೆಲವೇ ವರ್ಷಗಳಲ್ಲಿ ಕೊಳೆತು ಹೋದವು. ಮಾವ ಏನೂ ಹೇಳಲಿಲ್ಲ. ಅಡುಗೆಮನೆಯಿಂದ ಅತ್ತೆಯೇ ದನಿ ತೆಗೆದರು: “ಹಸಿ ಮರದಲ್ಲಿ ಬಾಗಿಲು ಮಾಡ್ಸಿದ್ರೇ ಮಳೆಗಾಲಕ್ಕೆ ಮುಚ್ಚಲ್ಲ, ಇವ್ರು ಹಡಗು ಮಾಡಿದ್ರಾ!” ಕಂಪನಿಯಲ್ಲಿ ಇಂಥ ಒಬ್ಬ ಅತ್ತೆ ಇದ್ದಿದ್ದರೆ ಕ್ಯಾಲಿಫೋರ್ನಿಯಾದ ಇತಿಹಾಸ ಬೇರೆಯೇ ಆಗುತ್ತಿತ್ತು.

ದಾರಿಯ ಚರ್ಚೆ ಒಂದು ಭಾನುವಾರ ಪೂರ್ತಿ ತಿಂದಿತು. ನಮ್ಮ ಮನೆಯಿಂದ ಮೂರು ಗಂಟೆಯಾದರೂ ಬೇಕು. ಹೆದ್ದಾರಿ ಒಂದರಲ್ಲಿ ಹೋದರೆ ಬೊಡೇಗಾ ಬೇ ಸಿಗುತ್ತದೆ. ಹಿಚ್‌ಕಾಕ್ ತನ್ನ ‘ದಿ ಬರ್ಡ್ಸ್’ ಚಿತ್ರಕ್ಕೆ ಹಕ್ಕಿಗಳನ್ನು ಜನರ ಮೇಲೆ ಛೂ ಬಿಟ್ಟ ಊರು. ಜೆನ್ನರ್ ದಾಟಿ ಇನ್ನು ಹದಿನೆಂಟು ಕಿಲೋಮೀಟರ್ ಮಾತ್ರ, ಆದರೆ ಆ ಹದಿನೆಂಟರಲ್ಲಿ ರಸ್ತೆ ಒಮ್ಮೆಯೂ ನೆಟ್ಟಗೆ ನಿಲ್ಲುವುದಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ಬಹಳ ಕಡೆ ತಡೆಗೋಡೆಯೂ ಇಲ್ಲ. “ಆಗುಂಬೆಗಿಂತ ಜಾಸ್ತಿ ತಿರುವಾ?” ಎಂದು ಅತ್ತೆ ಕೇಳಿದ್ದೇ ತಡ, ಶುಂಠಿ ಬರ್ಫಿ, ನಿಂಬೆಹಣ್ಣು, ಪ್ಲಾಸ್ಟಿಕ್ ಕವರು ಮೂರೂ ಪಟ್ಟಿಗೆ ಸೇರಿದವು. ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ಹೋಟೆಲು ಇಲ್ಲ ಎಂದ ಮೇಲಂತೂ ಪುಳಿಯೋಗರೆ, ಚಪಾತಿ, ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ ಎಂದು ಪಟ್ಟಿ ಬೆಳೆಯುತ್ತಲೇ ಹೋಯಿತು. ಅಲಾಸ್ಕಾಕ್ಕೆ ಗೋಧಿ ಕಳಿಸಲು ಹೊರಟ ಕಂಪನಿ ಇಷ್ಟು ದವಸ ಕಂಡಿತ್ತೋ ಇಲ್ಲವೋ.

ಒಳಗೆ ನೋಡುವುದೇನು ಎಂಬುದು ಮಾವನ ಮುಂದಿನ ಪ್ರಶ್ನೆ. ಅಲ್ಲಿರುವುದರಲ್ಲಿ ರಷ್ಯನ್ನರ ಕಾಲದಿಂದ ಹಾಗೇ ನಿಂತಿರುವುದು ಕೊನೆಯ ಮ್ಯಾನೇಜರ್ ಅಲೆಕ್ಸಾಂಡರ್ ರೋಚೇವ್‌ನ ಮನೆ ಒಂದೇ. ಮಿಕ್ಕದ್ದೆಲ್ಲ ಆಮೇಲೆ ಕಟ್ಟಿದ್ದು. ಪುಟ್ಟ ಇಗರ್ಜಿಯೊಂದಿದೆ, ಅದರ ಜಾತಕವೇ ಸರಿಯಿಲ್ಲ. ಈ ಜಾಗ 1906ರಲ್ಲಿ ಸರ್ಕಾರದ ಕೈಗೆ ಬಂತು. ಅದೇ ವರ್ಷ ಭೂಕಂಪದಲ್ಲಿ ಇಗರ್ಜಿ ಕುಸಿಯಿತು, ಸ್ಯಾನ್ ಆಂಡ್ರಿಯಾಸ್ ಬಿರುಕು ಪಕ್ಕದಲ್ಲೇ ಹಾದುಹೋಗಿದೆ. ಮತ್ತೆ ಕಟ್ಟಿದರು, 1970ರಲ್ಲಿ ಸುಟ್ಟುಹೋಯಿತು. ಮತ್ತೂ ಕಟ್ಟಿದರು. ಬೆಂಕಿಯಲ್ಲಿ ಕರಗಿದ ಗಂಟೆಯ ಲೋಹವನ್ನೇ ಎರಕ ಹೊಯ್ಸಿ ಹೊಸ ಗಂಟೆ ಮಾಡಿಸಿದರು. ಇದೊಂದು ನನಗೆ ನಿಜಕ್ಕೂ ಇಷ್ಟವಾದ ಸಂಗತಿ. ಅತ್ತೆಗೆ ಮಾತ್ರ ಎಲ್ಲಕ್ಕೂ ಕಾರಣ ಸ್ಪಷ್ಟವಾಗಿತ್ತು: “ವಾಸ್ತು ನೋಡ್ಸಿರಲ್ಲ.”

“ಅಂದ್ರೆ ಹೊಸದಾಗಿ ಕಟ್ಟಿದ ಹಳೇ ಕೋಟೆ ನೋಡೋಕೆ ಮೂರು ಗಂಟೆ ಹೋಗ್ಬೇಕು,” ಎಂದು ಮಾವ ಪೇಪರು ಎತ್ತಿಕೊಂಡರು. ಯೋಜನೆ ಬಿತ್ತು ಎಂದೇ ನಾವು ತಿಳಿದೆವು.

ಅದನ್ನು ಎತ್ತಿ ನಿಲ್ಲಿಸಿದವನು ಜಾನ್ ಸಟ್ಟರ್. ಗೋಧಿಯೂ ಇಲ್ಲ, ತುಪ್ಪಳವೂ ಇಲ್ಲ ಎಂದಾದ ಮೇಲೆ ಕಂಪನಿ ಕೋಟೆಯ ಕಟ್ಟಡ, ದನಕರು, ಸಾಮಾನು ಸರಂಜಾಮನ್ನೆಲ್ಲ 1841ರಲ್ಲಿ ಆತನಿಗೆ 30,000 ಡಾಲರಿಗೆ ಮಾರಿತು. ನಗದಲ್ಲ, ಕಂತು. ಕೊನೆಯ ಕಂತು ಮಾತ್ರ ಹಣ. ಮೊದಲಿನವಕ್ಕೆಲ್ಲ ಗೋಧಿ ಮತ್ತಿತರ ದವಸ.

ಪೇಪರು ಕೆಳಗಿಳಿಯಿತು. ಮಾವ ಸಹಕಾರಿ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು.

“ಗೋಧಿ ಬೆಳೀಲಿಲ್ಲ ಅಂತ ಜಾಗ ಮಾರ್ತಾ ಇದಾರೆ, ಕಂತು ಗೋಧೀಲಿ ತಗೋತಾರಾ?”

“ಹೂಂ ಮಾವ.”

“ಸರಿಯಾಗಿ ಕಟ್ಟಿದ್ನಾ?”

“ಎಲ್ಲಿಂದ? ವಸೂಲಿಗೆ ಕಂಪನಿ ವರ್ಷಗಟ್ಟಲೆ ಅಲೀಬೇಕಾಯ್ತು.”

ಮಾವ ನೆಟ್ಟಗೆ ಕೂತರು. ನಲವತ್ತು ಸಾಲ ಮನ್ನಾ, ಮರುಪಾವತಿ ನೋಟೀಸು ಕಂಡ ಕಣ್ಣುಗಳು ಮಿನುಗಿದವು. ಉಳಿದ ಕಥೆಯನ್ನೂ ಹೇಳಿದೆ: 1848ರ ಜನವರಿಯಲ್ಲಿ ಇದೇ ಸಟ್ಟರ್ ಕಟ್ಟಿಸುತ್ತಿದ್ದ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಚಿನ್ನ ಸಿಕ್ಕಿತು. ಊರಿಗೆ ಊರೇ ಚಿನ್ನಕ್ಕೆ ಓಡಿತು, ಅವನ ಕೂಲಿಯಾಳುಗಳೂ ಓಡಿದರು, ಬಂದವರು ಅವನ ಹೊಲಗದ್ದೆ ತುಳಿದು ದನ ಕದ್ದರು, ಚಿನ್ನ ಸಿಕ್ಕವನೇ ದಿವಾಳಿಯಾದ. ಮಾವ ತೊಡೆ ತಟ್ಟಿದರು. “ಅದಕ್ಕೇ ನಾನು ಹೇಳೋದು, ಸಾಲ ಕೊಡೋವಾಗ ಆಸ್ತಿ ನೋಡ್ಬಾರ್ದು, ಮನುಷ್ಯನ್ನ ನೋಡ್ಬೇಕು. ಆ ಜಾಗ ನೋಡ್ಲೇಬೇಕು ಅಳಿಯಂದಿರೇ!”

ಏಳು ಸುತ್ತಿಗೆ ಕರಗದವರು ಒಂದು ಸುಸ್ತಿ ಸಾಲಕ್ಕೆ ಕರಗಿದರು. ಸೆಪ್ಟೆಂಬರ್ ಎರಡನೇ ಶನಿವಾರ ಎಂದು ದಿನವನ್ನೂ ಅವರೇ ಗೊತ್ತುಮಾಡಿದರು. ಯಾಕೆ ಎರಡನೇದೇ ಎಂದರೆ, “ಅವತ್ತು ಬ್ಯಾಂಕಿಗೆ ರಜ ಅಲ್ವಾ.” ಪಾರ್ಕಿನ ಯಾವ ಭಾಗ ಯಾವ ದಿನ ತೆರೆದಿರುತ್ತದೆಂದು ಹೆಂಡತಿ ನೋಡತೊಡಗಿದಳು, ಅಲೆಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆಯಬಾರದೆಂಬ ಎಚ್ಚರಿಕೆಯನ್ನು ಮಗಳಿಗೆ ಓದಿ ಹೇಳಿದಳು, ಈ ಕಡಲಿನಲ್ಲಿ ಶಾಂತವಾಗಿದ್ದ ಅಲೆಯೇ ಇದ್ದಕ್ಕಿದ್ದಂತೆ ಮೇಲೇರಿ ಬರುತ್ತದೆ. ಮಾವ ಸೂಟ್‌ಕೇಸಿನ ತಳದಿಂದ ಮಂಕಿ ಕ್ಯಾಪನ್ನು ನುಸಿಗುಳಿಗೆ ವಾಸನೆಯ ಸಮೇತ ಹೊರತೆಗೆದು ಹಾಕಿಕೊಂಡು ನೋಡಿದರು.

ಅಷ್ಟರಲ್ಲಿ ಅತ್ತೆ ಪಂಚಾಂಗ ಹಿಡಿದು ಬಂದರು. “ಆಗ ಪಿತೃಪಕ್ಷ ಬರತ್ತೆ. ದೂರ ಪ್ರಯಾಣ ಬೇಡ.”

“ನಾವೇನು ವಿಹಾರಕ್ಕೆ ಹೋಗ್ತಿದೀವಾ?” ಎಂದರು ಮಾವ, ಮಂಕಿ ಕ್ಯಾಪಿನೊಳಗಿನಿಂದ. “ಇದು ಇನ್‌ಸ್ಪೆಕ್ಷನ್ನು. ಇನ್‌ಸ್ಪೆಕ್ಷನ್ನಿಗೆ ಪಕ್ಷ ಇಲ್ಲ.”