ಸ್ವಯಂಸೇವಕ ಲಕ್ಷಣ ಮೀಮಾಂಸೆ: ಬದನಗುಪ್ಪೆಯ ಜಗುಲಿಯನ್ನು ಅನುಲಕ್ಷಿಸಿ

ಶಾಸ್ತ್ರಗ್ರಂಥಗಳು ಮಂಗಳಾಚರಣೆಯಿಂದ ಶುರುವಾಗುತ್ತವೆ. ಚಾಮರಾಜನಗರ ಜಿಲ್ಲೆಯ ಬದನಗುಪ್ಪೆಯ ಜಗುಲಿಯಲ್ಲಿ ನಡೆಯುವ ವಯಸ್ಕರ ತರಗತಿ ಟೀವಿ ಧಾರಾವಾಹಿ ಮುಗಿದ ಮೇಲೆ ಶುರುವಾಗುತ್ತದೆ. ಈ ಪ್ರಬಂಧವೂ ಅದೇ ಮುಹೂರ್ತವನ್ನು ಪಾಲಿಸುತ್ತದೆ. ಊರಿನ ಹೆಸರಿನ ವ್ಯುತ್ಪತ್ತಿಗೆ ಹತ್ತಾರು ಪುಟ ಮೀಸಲಿಡುವುದು ವಿದ್ವತ್ ಪರಂಪರೆ. ಪುಟಗಳ ಅಭಾವದಿಂದ ಬದನೆಕಾಯಿಗೆ ಇಲ್ಲಿ ಅನ್ಯಾಯವಾಗಿದೆ.

ಮೊದಲು ಸೂತ್ರ. ಹದಿನೈದು ದಾಟಿದ ಅನಕ್ಷರಸ್ಥರಿಗೆ ಸಂಬಳವಿಲ್ಲದ ಸ್ವಯಂಸೇವಕರು ಓದು, ಬರಹ, ಲೆಕ್ಕ ಕಲಿಸತಕ್ಕದ್ದು ಎನ್ನುತ್ತದೆ ಕೇಂದ್ರದ ‘ಉಲ್ಲಾಸ್’ ಸಾಕ್ಷರತಾ ಕಾರ್ಯಕ್ರಮ (2022–27). 2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಸಾಕ್ಷರತೆ ಶೇ 61ರ ಆಸುಪಾಸು, ರಾಜ್ಯದ್ದು ಶೇ 75. ಕೆಲಸಕ್ಕೆ ಬರವಿಲ್ಲ. ಬಿಡಿಸಬೇಕಾದ ಗಂಟು ಒಂದೇ: ಈ ಜಗುಲಿಯಲ್ಲಿ ಸ್ವಯಂಸೇವಕರು ಯಾರು?

ತೌಲನಿಕ ಅಧ್ಯಯನವಿಲ್ಲದ ಪ್ರಬಂಧಕ್ಕೆ ಮರ್ಯಾದೆಯಿಲ್ಲವಾದ್ದರಿಂದ ಚೀನಾಕ್ಕೆ ಹೋಗೋಣ. 1918ರಲ್ಲಿ ಮಹಾಯುದ್ಧದ ಕೂಲಿಗೆಂದು ಫ್ರಾನ್ಸಿಗೆ ಹೋಗಿದ್ದ ಚೀನೀ ಕಾರ್ಮಿಕರ ಪರವಾಗಿ ಯಾನ್ ಯಾಂಗ್‌ಚು ಎಂಬ ತರುಣ ಊರಿಗೆ ಕಾಗದ ಬರೆದುಕೊಡುತ್ತಿದ್ದ. ಕೊನೆಗೆ ಅವರಿಗೇ ಬರೆಯಲು ಕಲಿಸಿದ. ಮುಂದೆ ಸಾವಿರ ಅಕ್ಷರಗಳ ಪಾಠಪುಸ್ತಕ ಬಂತು. 1922ರಲ್ಲಿ ಚಾಂಗ್‌ಶಾ ನಗರದಲ್ಲಿ ಬಿಟ್ಟಿ ಮೇಷ್ಟರುಗಳ ದಂಡೇ ಎದ್ದಿತು. 1956ರಲ್ಲಿ ಅಲ್ಲಿಯ ಸರ್ಕಾರ, ಸಾಕ್ಷರನೆನಿಸಲು ರೈತನಿಗೆ 1500 ಅಕ್ಷರ, ಕಾರ್ಮಿಕನಿಗೆ 2000 ಎಂದು ಗೊತ್ತುಮಾಡಿತು. ಆ ನಿಯಮ ಇಲ್ಲಿಗೆ ಬಂದಿದ್ದರೆ, ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಕ್ಕೆ ಜಮೀನು ಬಿಟ್ಟುಕೊಟ್ಟು ಅಲ್ಲೇ ಕೂಲಿಗೆ ಸೇರಿದ ರೈತನ ತಲೆಯ ಮೇಲೆ ರಾತ್ರೋರಾತ್ರಿ 500 ಅಕ್ಷರಗಳ ಬಾಕಿ ಬೀಳುತ್ತಿತ್ತು.

ಕನ್ನಡದಲ್ಲಿ ಬರೀ 49 ಎಂದು ಹಿಗ್ಗುವವರು ಕಾಗುಣಿತವನ್ನು ಮರೆತಿದ್ದಾರೆ. 34 ವ್ಯಂಜನಕ್ಕೆ ಹದಿನೈದರಂತೆ 510 ರೂಪ. ಅದಾದ ಮೇಲೆ ಒತ್ತಕ್ಷರ. ಇಲ್ಲೊಂದು ಘೋರ ಸತ್ಯ ಹೊರಬೀಳುತ್ತದೆ. ಚಾಮರಾಜನಗರ, ನಂಜನಗೂಡು, ಮೈಸೂರು: ಯಾವುದರಲ್ಲೂ ಒತ್ತಿಲ್ಲ. ಗುಂಡ್ಲುಪೇಟೆಯಲ್ಲಿದೆ, ಬದನಗುಪ್ಪೆಯಲ್ಲೂ ಇದೆ. ಅಂದರೆ ಕಾಗುಣಿತದವರೆಗೆ ಕಲಿತ ಹೆಂಗಸು 2023ರ ಜೂನ್‌ನಿಂದ ಬಸ್ಸಿನ ಬೋರ್ಡು ಓದಿಕೊಂಡು ಪುಕ್ಕಟೆಯಾಗಿ ಮೈಸೂರಿಗೆ ಹೋಗಬಲ್ಲಳು. ವಾಪಸು ಬರಲು ಅವಳಿಗೆ ಶಾಸ್ತ್ರಾಧಾರವಿಲ್ಲ. ಒತ್ತಕ್ಷರದ ಪಾಠವನ್ನು ಮೊದಲ ವಾರಕ್ಕೇ ಎಳೆದುತರದ ಪಠ್ಯಸಮಿತಿಗಳು ಎಷ್ಟು ಸಂಸಾರಗಳ ಜೊತೆ ಆಟವಾಡುತ್ತಿವೆಯೋ!

ಈಗ ಲಕ್ಷಣವಿಚಾರ. ‘ಸಂಬಳವಿಲ್ಲದೆ ಬರುವವರು ಸ್ವಯಂಸೇವಕರು’ ಎಂದರೆ ಅತಿವ್ಯಾಪ್ತಿ ದೋಷ, ಕಲಿಯುವವರಿಗೂ ಸಂಬಳವಿಲ್ಲ. ‘ಕಲಿಸುವವರು’ ಎಂದರೆ ಅವ್ಯಾಪ್ತಿ. ಏಕೆಂದರೆ ಲೆಕ್ಕದ ಪಾಠದ ದಿನ ಜಗುಲಿಯ ದಿಕ್ಕೇ ತಿರುಗುತ್ತದೆ. ಪಾಠ ಹೇಳಲು ಬರುವ, ಡಿಗ್ರಿ ಮುಗಿಸಿದ ಹುಡುಗಿ, “ಮೂರೂವರೆ ಸಾವಿರಕ್ಕೆ ನೂರಕ್ಕೆ ಎರಡರಂಗೆ ಐದು ತಿಂಗಳ ಬಡ್ಡಿ...” ಎಂದು ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ, ಮೂಲೆಯ ಅಜ್ಜಿ ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ “ಮುನ್ನೂರೈವತ್ತು” ಎಂದಿರುತ್ತಾಳೆ. ಸಂಘದ ಸಾಲದಲ್ಲಿ ಪಳಗಿದ ನಾಲಿಗೆಗೆ ಬಳಪದ ಹಂಗಿಲ್ಲ.

ಇನ್ನೊಂದು ಪುರಾವೆ ಪುಸ್ತಕದ ಅಂಚಿನಲ್ಲಿದೆ. ಅರಿಶಿನ ಬೇಯಿಸುವ ಕಾಲಕ್ಕೆ ಕಲಿಕಾ ಪುಸ್ತಕದ ಪುಟಗಳೆಲ್ಲ ಬಲಗಡೆ ಕೆಳಮೂಲೆಯಲ್ಲಿ ಹಳದಿ. ಆ ಹಳದಿ ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗೆ ಪಾಠವಾಗಿದೆ. ಹಾಜರಿ ಪುಸ್ತಕಕ್ಕಿಂತ ಇದು ನಂಬಿಕಸ್ಥ ದಾಖಲೆ. ಹಗಲೆಲ್ಲ ಹೊಲದಲ್ಲಿ ಬಗ್ಗಿ, ಸೊಂಟ ಹಿಡಿದುಕೊಂಡು, ಮುದ್ದೆ ಬೇಯಿಸಿಟ್ಟು ಈ ಕಲಿಯುವ ಹೆಂಗಸರು ರಾತ್ರಿ ಬಂದು ಕೂರುವುದೇಕೆ? ಜ್ಞಾನದಾಹ ಎನ್ನುವುದು ಪೂರ್ವಪಕ್ಷ. ಭಾಷಣಗಳಲ್ಲಿ ಅದು ಬಹಳ ಜನಪ್ರಿಯ. ಆದರೆ ಅಜ್ಜಿಯ ಆಪ್ತವಾಕ್ಯ ಬೇರೆಯೇ ಇದೆ: “ಬುಡು ಕೂಸು, ಬತ್ತೀವಿ. ನೀನೊಬ್ಳೇ ಕೂತ್ಕಂಡು ಯಾನ ಮಾಡೀಯೆ?”

ಸಿದ್ಧಾಂತ ಇಲ್ಲಿಂದಲೇ ಹುಟ್ಟುತ್ತದೆ. ಹುಡುಗಿಗೆ ಕಾರ್ಯಕ್ರಮದ ಆ್ಯಪ್‌ನಲ್ಲಿ ಹೆಸರು ತುಂಬಬೇಕು, ಕೊನೆಗೊಂದು ಪ್ರಮಾಣಪತ್ರ ಬೇಕು, ಕೆಲಸ ಸಿಗುವತನಕ ‘ಏನು ಮಾಡ್ಕಂಡಿದ್ದೀಯೆ’ ಎಂಬ ಪ್ರಶ್ನೆಗೆ ಉತ್ತರವೂ ಬೇಕು. ಅಜ್ಜಿಯರಿಗೆ ಇದ್ಯಾವುದೂ ಬೇಡ. ನಿಷ್ಕಾಮವಾಗಿ ಬಂದು ಕೂತು, ‘ಅ’ ಎಂದರೆ ‘ಅ’ ಎಂದು, ಹುಡುಗಿಯ ಮರ್ಯಾದೆ ಕಾಯುವ ಇವರೇ ಶುದ್ಧ ಲಕ್ಷಣದ ಸ್ವಯಂಸೇವಕರು. ಸೊಸೆ ಕಲಿಸಿ ಅತ್ತೆ ಕಲಿಯುವ ಮನೆಗಳಲ್ಲಿ ಈ ಸಿದ್ಧಾಂತಕ್ಕೆ ಅಪವಾದವಿದೆ. ಅದಕ್ಕೆ ಪ್ರತ್ಯೇಕ ಗ್ರಂಥವೂ, ಸಾಧ್ಯವಾದರೆ ಪಂಚಾಯಿತಿಯೂ ಬೇಕು.

ಆಕ್ಷೇಪ: ಪರೀಕ್ಷೆ ಬರೆಯುವವರು ಕಲಿಕಾರ್ಥಿಗಳಲ್ಲವೆ? ಹೌದು. ಓದಿಗೆ, ಬರಹಕ್ಕೆ, ಲೆಕ್ಕಕ್ಕೆ ಐವತ್ತೈವತ್ತರಂತೆ 150 ಅಂಕ. ಪರೀಕ್ಷೆಯ ದಿನ ಕನ್ನಡಕ ಒರೆಸಿಕೊಂಡು ನಿಧಾನವಾಗಿ ಹೆಸರು ಬರೆಯುವವಳು ಅಜ್ಜಿ. ಬಾಗಿಲಾಚೆ ಉಗುರು ಕಚ್ಚುತ್ತಾ ನಿಲ್ಲುವವಳು ಹುಡುಗಿ. ಒಳಗಿನಿಂದ ಅಜ್ಜಿಯೇ ಕೂಗಿ ಧೈರ್ಯ ಹೇಳಬೇಕು: “ಹೆದರ್ಕಬ್ಯಾಡ ಕನಾ ಕೂಸು, ಪಾಸ್ ಮಾಡ್ಕೊಡ್ತೀನಿ.”